ಮಗಳಿಗೆ ಯಾವ ಹಳೇ ಮ್ಯಾಚ್ ತೋರಿಸಲಿ ಎಂದವರಿಗೆ

ಸರ್, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಇಷ್ಟುದ್ದ ಟೈಪ್ ಮಾಡೋಕೆ ಆಗಲ್ಲ ಅಂತ ಈಗ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಮಗಳು ಟೆನಿಸ್ ಕಲಿಯುತ್ತಿದ್ದಾಳೆ, ರಜೆಯಲ್ಲಿ ಗಂಡಸರ ಟೆನಿಸಿನ ಯಾವ ಹಳೇ ಮ್ಯಾಚ್‌ಗಳನ್ನು ತೋರಿಸಬಹುದು, ನಿಮಗೆಲ್ಲ ಮರೆಯಲಾಗದ ಕ್ಷಣಗಳು ಯಾವುವು ಅಂತ ಕೇಳಿದ್ದೀರಿ. ಕೊನೆಗೆ ಚಿಕ್ಕದಾಗಿ ಇನ್ನೊಂದು ಸಾಲು ಸೇರಿಸಿದ್ದೀರಿ. ಕಳೆದ ವಾರ ಕ್ಲಬ್ ಟೂರ್ನಿಯಲ್ಲಿ ಮ್ಯಾಚ್ ಪಾಯಿಂಟಿಗೆ (ಇನ್ನೊಂದು ಪಾಯಿಂಟ್ ಬಂದರೆ ಗೆಲುವು ಅನ್ನೋ ಹಂತಕ್ಕೆ) ಬಂದು ಎರಡು ಸಲ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗೋದು) ಮಾಡಿ ಸೋತಳು, ಆವತ್ತಿನಿಂದ ರಾಕೆಟ್ ಮುಟ್ಟಿಲ್ಲ ಅಂತ. ಮೇಲೆ ಉತ್ತರ ಬರೆದವರೆಲ್ಲ ಫೆಡರರ್, ನಡಾಲ್ ಅಂತ ಪಟ್ಟಿ ಕೊಟ್ಟಿದ್ದಾರೆ. ತಪ್ಪೇನಿಲ್ಲ. ಆದರೆ ನಾನು ಆ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ.

ಮೊಟ್ಟಮೊದಲು ತೋರಿಸಬೇಕಾದ್ದು 2001ರ ವಿಂಬಲ್ಡನ್ ಫೈನಲ್. ಇಡೀ ಮ್ಯಾಚ್ ಬೇಡ, ಕೊನೇ ಗೇಮ್ ಒಂದೇ ಸಾಕು. ಕ್ರೊವೇಷಿಯಾದ ಗೊರಾನ್ ಇವಾನಿಸೆವಿಚ್, ಎದುರಿಗೆ ಆಸ್ಟ್ರೇಲಿಯಾದ ಪ್ಯಾಟ್ ರಾಫ್ಟರ್. ಗೊರಾನ್ ಅದಕ್ಕೂ ಮೊದಲು 1992, 1994, 1998ರಲ್ಲಿ ಮೂರು ಸಲ ಇದೇ ಫೈನಲ್ ಸೋತಿದ್ದ. ಒಮ್ಮೆ ಅಗಾಸಿಗೆ, ಎರಡು ಸಲ ಸಾಂಪ್ರಾಸ್‌ಗೆ. 2001ಕ್ಕೆ ಬರುವ ಹೊತ್ತಿಗೆ ಭುಜ ಹೋಗಿತ್ತು, ರ‍್ಯಾಂಕಿಂಗ್ 125ಕ್ಕೆ ಇಳಿದಿತ್ತು. ಪಾಪ ಅಂತ ವೈಲ್ಡ್ ಕಾರ್ಡ್ (ರ‍್ಯಾಂಕಿಂಗ್ ಸಾಲದಿದ್ದರೂ ಆಯೋಜಕರು ಕೊಡುವ ಪ್ರವೇಶ) ಕೊಟ್ಟು ಒಳಗೆ ಬಿಟ್ಟಿದ್ದರು. ಜೊತೆಗೆ ಅವನ ಮೂಢನಂಬಿಕೆಗಳು ಬೇರೆ! ಗೆಲ್ಲುತ್ತಿದ್ದಷ್ಟು ದಿನವೂ ಬೆಳಗ್ಗೆ ಎದ್ದು ಟಿವಿಯಲ್ಲಿ ಮಕ್ಕಳ ಟೆಲಿಟಬ್ಬೀಸ್ ನೋಡುತ್ತಿದ್ದ. ಮಳೆಯಿಂದ ಸೆಮಿಫೈನಲ್ ಮೂರು ದಿನ ಎಳೆದು, ಫೈನಲ್ ಸೋಮವಾರಕ್ಕೆ ಹೋಯಿತು. ಟಿಕೆಟ್ಟನ್ನು ಆ ದಿನವೇ ಗೇಟಿನಲ್ಲಿ ಮಾರಿದ್ದರಿಂದ ವಿಂಬಲ್ಡನ್ನಿನ ಎಂದಿನ ಗಂಭೀರ ಜನ ಅವತ್ತು ಇರಲಿಲ್ಲ. ಬಾವುಟ ಹಿಡಿದು ಕಿರುಚುವವರೇ ತುಂಬಿದ್ದರು, ಫುಟ್‌ಬಾಲ್ ಮೈದಾನದ ಹಾಗೆ.

ಐದನೇ ಸೆಟ್, ಗೊರಾನ್ 8-7 ಮುಂದೆ. ಸರ್ವ್ ಅವನದೇ. ಆ ಕಾಲಕ್ಕೆ ಅವನದು ಎಂಥಾ ಸರ್ವ್ ಅಂದರೆ, ಎದುರಾಳಿ ಸುಮ್ನೆ ಪಕ್ಕಕ್ಕೆ ನಡೆದು ಮುಂದಿನ ಪಾಯಿಂಟಿಗೆ ನಿಲ್ಲುತ್ತಿದ್ದ. ಅಂಥವನು ಮೊದಲನೇ ಮ್ಯಾಚ್ ಪಾಯಿಂಟಿನಲ್ಲಿ ಡಬಲ್ ಫಾಲ್ಟ್ ಮಾಡಿದ. ಎರಡನೇ ಮ್ಯಾಚ್ ಪಾಯಿಂಟಿನಲ್ಲೂ ಡಬಲ್ ಫಾಲ್ಟ್. ಮೂರನೆಯದರಲ್ಲಿ ರಾಫ್ಟರ್ ಚೆಂದದ ಲಾಬ್ ಎತ್ತಿ ತಲೆ ಮೇಲಿಂದ ದಾಟಿಸಿದ. ಮಗಳಿಗೆ ತೋರಿಸುವಾಗ ಈ ಪಾಯಿಂಟುಗಳ ನಡುವಿನ ಹೊತ್ತನ್ನು ಓಡಿಸಬೇಡಿ. ಅವನ ಮುಖ ನೋಡಿ. ಕಣ್ಣಲ್ಲಿ ನೀರು, ಆಕಾಶ ನೋಡುತ್ತಾನೆ, ಕೈ ಜೋಡಿಸುತ್ತಾನೆ, ಏನೋ ಗೊಣಗುತ್ತಾನೆ. ನಾಲ್ಕನೆಯದರಲ್ಲಿ ರಾಫ್ಟರ್‌ನ ರಿಟರ್ನ್ ನೆಟ್ಟಿಗೆ ಬಿತ್ತು. 6-3, 3-6, 6-3, 2-6, 9-7. ವೈಲ್ಡ್ ಕಾರ್ಡಿನಲ್ಲಿ ಬಂದು ವಿಂಬಲ್ಡನ್ ಸಿಂಗಲ್ಸ್ ಗೆದ್ದ ಗಂಡಸು ಇವತ್ತಿಗೂ ಅವನೊಬ್ಬನೇ.

ನಿಮ್ಮ ಮಗಳು ಮಾಡಿದ್ದೂ ಇದನ್ನೇ ಅಲ್ವಾ? ಎರಡು ಮ್ಯಾಚ್ ಪಾಯಿಂಟ್, ಎರಡು ಡಬಲ್ ಫಾಲ್ಟ್. ನೀವು ಏನೂ ಹೇಳಬೇಡಿ ಸರ್, ಪಕ್ಕದಲ್ಲಿ ಕೂತು ನೋಡಿ, ಅಷ್ಟೇ.

ಇನ್ನು ಎಲ್ಲರೂ ಹೇಳಿದ 2008ರ ವಿಂಬಲ್ಡನ್ ಫೈನಲ್. ನಾನು ಅವತ್ತು ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಟಿವಿ ಸೌಂಡ್ ಪೂರ್ತಿ ಇಳಿಸಿ ನೋಡಿದವನು. ಮ್ಯಾಚ್ ಮುಗಿದಾಗ ನಮ್ಮಲ್ಲಿ ರಾತ್ರಿ ಹತ್ತಿರ ಹತ್ತಿರ ಒಂದೂಮುಕ್ಕಾಲು. ಫೆಡರರ್ ಅದಕ್ಕೆ ಮೊದಲು ಸತತ ಐದು ವರ್ಷ ಅಲ್ಲಿ ಗೆದ್ದಿದ್ದ. ಹಿಂದಿನ ಎರಡು ಫೈನಲಿನಲ್ಲಿ ಸೋತವನು ಇದೇ ನಡಾಲ್. ಒಟ್ಟು ಆಟ 4 ಗಂಟೆ 48 ನಿಮಿಷ, ನಡುವೆ ಎರಡು ಸಲ ಮಳೆ. ಹುಡುಗಿಗೆ ಅಷ್ಟು ಹೊತ್ತು ಕೂರೋಕೆ ಆಗಲ್ಲ. ನಾಲ್ಕನೇ ಸೆಟ್ಟಿನ ಟೈಬ್ರೇಕನ್ನು (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್, ಎರಡು ಪಾಯಿಂಟ್ ಅಂತರದಲ್ಲಿ ಮೊದಲು ಏಳು ಮುಟ್ಟಿದವರಿಗೆ ಸೆಟ್) ಮಾತ್ರ ಹಾಕಿ, ಒಂದು ಪಾಯಿಂಟೂ ಹಾರಿಸದೆ.

ನಡಾಲ್ ಎರಡು ಸೆಟ್ ಮುಂದಿದ್ದಾನೆ, ಫೆಡರರ್ ಒಂದು ಗೆದ್ದಿದ್ದಾನೆ. ಟೈಬ್ರೇಕಿನಲ್ಲಿ ನಡಾಲ್ 5-2. ಮುಂದಿನ ಎರಡೂ ಸರ್ವ್ ಅವನದೇ. ಅಂದರೆ ಎರಡೂ ಹಿಡಿದುಕೊಂಡರೆ ಕಪ್ ಕೈಗೆ ಬಂದ ಹಾಗೆ. ಏನಾಯಿತು ಗೊತ್ತಾ? ಡಬಲ್ ಫಾಲ್ಟ್. ನಡಾಲ್! ಅದರ ಮುಂದಿನದು ಬ್ಯಾಕ್‌ಹ್ಯಾಂಡ್ ನೆಟ್ಟಿಗೆ. 5-4. ಗೆಲುವು ಹತ್ತಿರ ಬಂದಾಗ ತೋಳು ಬಿಗಿಯಾಗುವುದು ಅಂದರೆ ಏನು ಅನ್ನೋದು ಆ ಎರಡು ಪಾಯಿಂಟಿನಲ್ಲಿ ಕಾಣುತ್ತದೆ. ಚೆಂಡನ್ನು ಹೊಡೆಯುವುದಿಲ್ಲ, ತಳ್ಳುತ್ತಾನೆ.

ಅಲ್ಲಿಂದ ಮುಂದಿನದು ಬೇರೆಯೇ ಆಟ. 7-6ರಲ್ಲಿ ನಡಾಲ್‌ಗೆ ಮ್ಯಾಚ್ ಪಾಯಿಂಟ್, ಫೆಡರರ್ ಸರ್ವಿನಿಂದ ಉಳಿಸಿಕೊಂಡ. 7-7ರಲ್ಲಿ ನಡಾಲ್ ಓಡಿ ಬಂದು ಗೆರೆಗುಂಟ ಒಂದು ಫೋರ್‌ಹ್ಯಾಂಡ್ ಹೊಡೆದ. ಇನ್ನೇನು ಮುಗಿಯಿತು ಅಂತ ನಾನು ಎದ್ದು ನಿಂತೆ. 8-7, ಸರ್ವ್ ಮತ್ತೆ ನಡಾಲ್‌ದು. ಅವನು ಮುಂದಕ್ಕೆ ನುಗ್ಗಿದ. ಫೆಡರರ್ ಬ್ಯಾಕ್‌ಹ್ಯಾಂಡ್‌ನಲ್ಲಿ ಗೆರೆಗುಂಟ ದಾಟಿಸಿದ. 8-8. ಸೆಟ್ 10-8ಕ್ಕೆ ಫೆಡರರ್ ಪಾಲಾಯಿತು.

ಆ ಬ್ಯಾಕ್‌ಹ್ಯಾಂಡ್ ಯಾಕೆ ದೊಡ್ಡದು ಅಂತ ಮಗಳಿಗೆ ಹೇಳಿಕೊಡಿ. ನಡಾಲ್ ಎಡಗೈ ಆಟಗಾರ. ಅವನ ಫೋರ್‌ಹ್ಯಾಂಡ್ ಅಡ್ಡಲಾಗಿ ಬಂದರೆ ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡಿಗೇ ಬೀಳುತ್ತದೆ. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗೋದು) ಜಾಸ್ತಿ ಇರುವುದರಿಂದ ಚೆಂಡು ಪುಟಿದು ಭುಜದ ಎತ್ತರಕ್ಕೆ ಏಳುತ್ತದೆ. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವ ಫೆಡರರ್‌ಗೆ ಅದೇ ಕಷ್ಟ. ಮಣ್ಣಿನ ಕೋರ್ಟಿನಲ್ಲಂತೂ ಪ್ರಾಣಸಂಕಟ, ಹುಲ್ಲಿನಲ್ಲಿ ಚೆಂಡು ಸ್ವಲ್ಪ ಕೆಳಗೇ ಉಳಿಯುವುದರಿಂದ ಪರವಾಗಿಲ್ಲ. ನಾಲ್ಕು ವರ್ಷದಿಂದ ನಡಾಲ್ ಆ ಬ್ಯಾಕ್‌ಹ್ಯಾಂಡಿಗೇ ಹೊಡೆದು ಹೊಡೆದು ಫೆಡರರ್‌ನನ್ನು ಸುಸ್ತು ಮಾಡಿದ್ದ. ಮ್ಯಾಚ್ ಪಾಯಿಂಟಿನಲ್ಲಿ ಕಾಪಾಡಿದ್ದು ಅದೇ ಬ್ಯಾಕ್‌ಹ್ಯಾಂಡ್. ಕೊನೆಗೆ ಐದನೇ ಸೆಟ್ 9-7ಕ್ಕೆ ನಡಾಲ್ ಗೆದ್ದ, ಕತ್ತಲಲ್ಲಿ. ಸೆಂಟರ್ ಕೋರ್ಟಿಗೆ ಮುಚ್ಚುವ ಛಾವಣಿ ಬಂದಿದ್ದು ಮರುವರ್ಷ.

ನಾನು ಫೆಡರರ್ ಅಭಿಮಾನಿ, ಮುಚ್ಚಿಡೋದು ಏನಿದೆ. 2019ರ ವಿಂಬಲ್ಡನ್ ಫೈನಲ್ ಬಗ್ಗೆ ಒಬ್ಬರು ಮೇಲೆ ಬರೆದಿದ್ದಾರೆ. ಐದನೇ ಸೆಟ್ 8-7, 40-15, ಫೆಡರರ್‌ನದೇ ಸರ್ವ್, ಎರಡು ಚಾಂಪಿಯನ್‌ಶಿಪ್ ಪಾಯಿಂಟ್, ಅಂದರೆ ಫೈನಲಿನ ಮ್ಯಾಚ್ ಪಾಯಿಂಟ್. ಅಲ್ಲಿಂದ ಜೊಕೊವಿಚ್ ಗೆದ್ದ. ಆ ಮ್ಯಾಚನ್ನು ಮತ್ತೆ ಹಾಕಿ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಲೆಕ್ಕ ಮಾತ್ರ ಮಗಳಿಗೆ ಹೇಳಿ: ಒಟ್ಟು ಪಾಯಿಂಟ್ ಫೆಡರರ್ 218, ಜೊಕೊವಿಚ್ 204. ಜಾಸ್ತಿ ಪಾಯಿಂಟ್ ಗೆದ್ದವನು ಸೋತ! ಮೂರು ಟೈಬ್ರೇಕ್ ಆಯಿತು, ಮೂರೂ ಜೊಕೊವಿಚ್‌ಗೆ. ಕ್ರಿಕೆಟ್ಟಿನಲ್ಲಿ ರನ್ ಜಾಸ್ತಿ ಮಾಡಿದವರು ಗೆಲ್ಲುತ್ತಾರೆ, ಟೆನಿಸಿನಲ್ಲಿ ಹಾಗಲ್ಲ. ಯಾವ ಪಾಯಿಂಟ್ ಅನ್ನೋದೇ ಮುಖ್ಯ.

ಈಗ ನನಗೆ ತುಂಬ ಇಷ್ಟವಾದ್ದು. 1989ರ ಫ್ರೆಂಚ್ ಓಪನ್, ನಾಲ್ಕನೇ ಸುತ್ತು. ಮೈಕೆಲ್ ಚಾಂಗ್‌ಗೆ ಆಗ ಹದಿನೇಳು ವರ್ಷ. ಎದುರಿಗೆ ಇವಾನ್ ಲೆಂಡ್ಲ್, ವಿಶ್ವದ ನಂಬರ್ ಒನ್. ಲೆಂಡ್ಲ್ ಮೊದಲೆರಡು ಸೆಟ್ ಗೆದ್ದ. ಚಾಂಗ್ ಮುಂದಿನ ಎರಡು ಗೆದ್ದ. ಅಷ್ಟರಲ್ಲಿ ಹುಡುಗನ ಕಾಲು ಹಿಡಿದುಕೊಂಡಿತು. ಬಾಳೆಹಣ್ಣು ತಿನ್ನುತ್ತಾನೆ, ನೀರು ಕುಡಿಯುತ್ತಾನೆ, ಬದಿ ಬದಲಾಯಿಸುವಾಗ ಕೂರೋದೂ ಇಲ್ಲ, ಕೂತರೆ ಏಳೋಕಾಗಲ್ಲ ಅನ್ನೋ ಭಯ. ರ‍್ಯಾಲಿಯಲ್ಲಿ ಚೆಂಡನ್ನು ಆಕಾಶಕ್ಕೆ ಎತ್ತಿ ಎತ್ತಿ ಹಾಕಿ ಉಸಿರು ತೆಗೆದುಕೊಳ್ಳುತ್ತಾನೆ.

ಐದನೇ ಸೆಟ್ಟಿನಲ್ಲಿ 4-3 ಮುಂದಿದ್ದಾನೆ, ಗೇಮಿನಲ್ಲಿ 15-30 ಹಿಂದೆ. ಆಗ ಮಾಡಿದ ನೋಡಿ, ಗಲ್ಲಿಯಲ್ಲಿ ಮಕ್ಕಳು ಆಡುವ ಹಾಗೆ ಕೆಳಗಿನಿಂದ ಸರ್ವ್! ಲೆಂಡ್ಲ್ ಮುಂದಕ್ಕೆ ಓಡಿ ಬಂದ, ಪಾಯಿಂಟ್ ಕಳೆದುಕೊಂಡ. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಂಬರ್ ಒನ್ ಆಟಗಾರನ ಮುಂದೆ ಅದನ್ನು ಮಾಡೋಕೆ ಎಂಟೆದೆ ಬೇಕು. ಕೊನೆಗೆ ಮ್ಯಾಚ್ ಪಾಯಿಂಟ್. ಲೆಂಡ್ಲ್ ಎರಡನೇ ಸರ್ವ್ ಮಾಡಬೇಕು. ಚಾಂಗ್ ಬೇಸ್‌ಲೈನ್ ಬಿಟ್ಟು ನಡೆದು ನಡೆದು ಸರ್ವಿಸ್ ಗೆರೆಯ ಹತ್ತಿರಕ್ಕೇ ಬಂದು ನಿಂತ. ಹೊಡಿ ನೋಡೋಣ ಅನ್ನೋ ಹಾಗೆ. ಲೆಂಡ್ಲ್ ಮಾಡಿದ್ದು ಡಬಲ್ ಫಾಲ್ಟ್. ಎಂಟು ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಮನುಷ್ಯ ಸರ್ ಅವನು! ಚಾಂಗ್ ಮುಂದೆ ಫೈನಲಿನಲ್ಲಿ ಎಡ್ಬರ್ಗ್‌ನನ್ನೂ ಸೋಲಿಸಿದ. ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಗೆದ್ದ ಅತಿ ಚಿಕ್ಕ ವಯಸ್ಸಿನ ಗಂಡಸು ಈಗಲೂ ಅವನೇ.

ಇಸ್ನರ್-ಮಹುತ್ ಮ್ಯಾಚ್ ತೋರಿಸಿ ಅಂತ ಒಬ್ಬರು ಹೇಳಿದ್ದಾರೆ. ಬೇಡ. ಕಥೆ ಹೇಳಿ ಸಾಕು. 2010ರ ವಿಂಬಲ್ಡನ್ ಮೊದಲ ಸುತ್ತು, 11 ಗಂಟೆ 5 ನಿಮಿಷ, ಮೂರು ದಿನ, ಕೊನೇ ಸೆಟ್ 70-68. ಸ್ಕೋರ್‌ಬೋರ್ಡೇ 47-47ಕ್ಕೆ ನಿಂತುಹೋಯಿತು, ಅದಕ್ಕಿಂತ ಮುಂದೆ ಎಣಿಸೋಕೆ ಅದಕ್ಕೆ ಗೊತ್ತಿರಲಿಲ್ಲ. ಕೇಳೋಕೆ ಮಜಾ, ನೋಡೋಕೆ ಬೇಜಾರು. ಸರ್ವ್, ಏಸ್ (ಎದುರಾಳಿ ಮುಟ್ಟಲಾಗದ ಸರ್ವ್), ಸರ್ವ್, ಏಸ್. ಈಗ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮಿನಲ್ಲಿ ಕೊನೇ ಸೆಟ್ 6-6 ಆದರೆ ಹತ್ತು ಪಾಯಿಂಟಿನ ಟೈಬ್ರೇಕ್, 2022ರಿಂದ. ಇನ್ನು ಅಂಥದ್ದು ಆಗೋದೇ ಇಲ್ಲ.

ಹೊಸದರಲ್ಲಿ ಒಂದೇ ಒಂದು. 2025ರ ಫ್ರೆಂಚ್ ಓಪನ್ ಫೈನಲ್, ಅಲ್ಕರಾಜ್ ಮತ್ತು ಸಿನ್ನರ್. ನಾಲ್ಕನೇ ಸೆಟ್ 3-5, ಅಲ್ಕರಾಜ್ ಸರ್ವ್ ಮಾಡುತ್ತಿದ್ದಾನೆ, 0-40. ಸಿನ್ನರ್‌ಗೆ ಮೂರು ಚಾಂಪಿಯನ್‌ಶಿಪ್ ಪಾಯಿಂಟ್. ಅಲ್ಲಿಂದ ಹಾಕಿ, ಆ ಸೆಟ್ ಮುಗಿಯುವ ತನಕ ನೋಡಿ. 5 ಗಂಟೆ 29 ನಿಮಿಷ ಆಡಿ ಗೆದ್ದದ್ದು ಅಲ್ಕರಾಜ್.

ನಮ್ಮವರ ವಿಷಯ ಬಿಟ್ಟರೆ ಗುಂಪಿನವರು ಸುಮ್ಮನಿರಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಜೊತೆಗಾರ ಮ್ಯಾಥ್ಯೂ ಎಬ್ಡನ್. ಮೊದಲ ಸೆಟ್ ಟೈಬ್ರೇಕ್ 7-0, ಎರಡನೆಯದು 7-5. ಗೆದ್ದ ಮೇಲೆ ಬೋಪಣ್ಣ ಹೇಳಿದ ಒಂದು ಮಾತು ನಿಮ್ಮ ಮಗಳಿಗೆ ಬೇಕಾದ್ದು. ಕೆಲವು ವರ್ಷದ ಹಿಂದೆ ಐದು ತಿಂಗಳು ಒಂದೂ ಮ್ಯಾಚ್ ಗೆಲ್ಲದೆ, ಆಟ ಬಿಡ್ತೀನಿ ಅಂತ ಹೆಂಡತಿಗೆ ವಿಡಿಯೊ ಕಳಿಸಿದ್ದರಂತೆ.

ಬೋಪಣ್ಣನವರನ್ನು ನಾನು ಕಣ್ಣಾರೆ ನೋಡಿದ್ದು ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕ್ರೀಡಾಂಗಣದಲ್ಲಿ. 2014ರ ಸೆಪ್ಟೆಂಬರ್, ದೇಶ ದೇಶಗಳ ನಡುವಿನ ಡೇವಿಸ್ ಕಪ್, ಒಟ್ಟು ಐದು ಮ್ಯಾಚ್, ಎದುರಾಳಿ ಸರ್ಬಿಯಾ. ಜೊಕೊವಿಚ್ ಬಂದಿರಲಿಲ್ಲ. ಮೊದಲ ದಿನ ಎರಡೂ ಸಿಂಗಲ್ಸ್ ಸೋತಿದ್ದೆವು. ಶನಿವಾರ ಡಬಲ್ಸ್‌ನಲ್ಲಿ ಲಿಯಾಂಡರ್ ಪೇಸ್ ಮತ್ತು ಬೋಪಣ್ಣ ಮೊದಲ ಸೆಟ್ 1-6, ಎರಡನೇದು ಟೈಬ್ರೇಕಿನಲ್ಲಿ ಕಳೆದುಕೊಂಡರು. ನನ್ನ ಪಕ್ಕದ ಸಾಲಿನವರು ಎದ್ದು ಹೊರಟೇಬಿಟ್ಟರು, ಪಾರ್ಕಿಂಗ್ ರಶ್ ಆಗುತ್ತೆ ಅಂತ. ಆಮೇಲೆ 6-3, 6-3, 8-6! ಭಾನುವಾರ ಸೋಮದೇವ್ ದೇವ್‌ವರ್ಮನ್ ಸಿಂಗಲ್ಸ್‌ನಲ್ಲಿ ಐದು ಸೆಟ್ ಆಡಿ 2-2 ಮಾಡಿದ. ಮಳೆ ಬಂದು ಕೊನೇ ಮ್ಯಾಚ್ ಸೋಮವಾರಕ್ಕೆ ಹೋಯಿತು, ಅರ್ಧ ದಿನ ರಜೆ ಹಾಕಿ ಹೋದೆ, ಅದರಲ್ಲಿ ಯೂಕಿ ಭಾಂಬ್ರಿ ಸೋತ. ಸೋತರೂ ಆ ಶನಿವಾರದ ಸಂಜೆಯನ್ನು ನಾನು ಯಾವ ವಿಂಬಲ್ಡನ್ನಿಗೂ ಬದಲಾಯಿಸಲ್ಲ. ಬೆಂಗಳೂರಿನಲ್ಲಿ ಮುಂದೆ ಚಾಲೆಂಜರ್ ಟೂರ್ನಿ (ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನದು) ನಡೆದರೆ ಮಗಳನ್ನು ಕರೆದುಕೊಂಡು ಹೋಗಿ. ಚೆಂಡಿನ ಸದ್ದು ಟಿವಿಯಲ್ಲಿ ಬರೋದೇ ಇಲ್ಲ.

ನೋಡುವ ರೀತಿ ಬಗ್ಗೆ ಎರಡು ಮಾತು. ಹೈಲೈಟ್ಸ್ ಬೇಡ. ಅದರಲ್ಲಿ ಹೊಡೆತ ಇರುತ್ತದೆ, ಹೊಡೆತಕ್ಕೆ ಮುಂಚಿನ ಇಪ್ಪತ್ತು ಸೆಕೆಂಡ್ ಇರುವುದಿಲ್ಲ. ಟೂರ್ನಿಗಳ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಲ್ಲಿ ಎಷ್ಟೋ ಹಳೇ ಮ್ಯಾಚ್ ಪೂರ್ತಿ ಇವೆ. ಪ್ರತಿ ಸರ್ವಿಗೆ ಮುಂಚೆ ವಿಡಿಯೊ ನಿಲ್ಲಿಸಿ, ಎಲ್ಲಿಗೆ ಹೊಡೀತಾನೆ ಹೇಳು ಅಂತ ಕೇಳಿ: ಹೊರಗಡೆಗಾ, ಮೈ ಮೇಲಕ್ಕಾ, ನಡುಗೆರೆಗಾ? ಹತ್ತು ಸಲ ತಪ್ಪು ಹೇಳಿದ ಮೇಲೆ ಸರಿ ಹೇಳೋಕೆ ಶುರು ಮಾಡುತ್ತಾಳೆ. ನನ್ನ ಅಣ್ಣನ ಮಗನ ಜೊತೆ ಇದೇ ಆಟ ಆಡಿದ್ದೆ, ಒಂದು ವಾರದಲ್ಲಿ ಅವನೇ ನನಗೆ ಹೇಳಿಕೊಡುವ ಹಾಗಾದ. ಆಮೇಲೆ ಆಟಗಾರರ ಕಾಲು ನೋಡೋಕೆ ಹೇಳಿ. ಹೆದರಿದಾಗ ಮೊದಲು ನಿಲ್ಲೋದು ಕಾಲು.

ಡಬಲ್ ಫಾಲ್ಟಿಗೆ ಒಂದು ಸಣ್ಣ ಉಪಾಯ, ನಾನು ಕ್ಲಬ್ಬಿನಲ್ಲಿ ಮಾಡೋದು. ಎರಡನೇ ಸರ್ವಿಗೆ ಕೈ ನಿಧಾನ ಮಾಡಬಾರದು. ಅದೇ ವೇಗದಲ್ಲಿ ಬೀಸಬೇಕು, ಆದರೆ ಚೆಂಡನ್ನು ನೇರವಾಗಿ ಹೊಡೆಯದೆ ಕೆಳಗಿನಿಂದ ಮೇಲಕ್ಕೆ ಉಜ್ಜಿ ಸ್ಪಿನ್ ಕೊಡಬೇಕು. ಹಾಗೆ ಮಾಡಿದರೆ ನೆಟ್ಟಿನ ಮೇಲೆ ಎತ್ತರವಾಗಿ ಹೋಗಿ ಬಾಕ್ಸಿನೊಳಗೆ ಇಳಿಯುತ್ತದೆ. ಪ್ರಾಕ್ಟೀಸ್ ಮುಗಿಸಿ ಸುಸ್ತಾದ ಮೇಲೆ, ಕೊನೆಗೆ ಬರೀ ಎರಡನೇ ಸರ್ವ್ ಇಪ್ಪತ್ತು. ಸುಸ್ತಾದಾಗಲೇ ಮಾಡಬೇಕು. ಕೋಚ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೇಳಿ.

ಈ ಭಾನುವಾರ ಗೊರಾನ್ ಗೇಮ್ ಹಾಕಿ ಸರ್, ಹತ್ತು ನಿಮಿಷವೂ ಆಗಲ್ಲ. ನೋಡಿ ಏನಂದಳು ಅಂತ ಇಲ್ಲೇ ಬರೆಯಿರಿ.