ಮಳೆಯ ಗಂಟೆ ಹೊಂದದಿರುವುದಕ್ಕೆ ಕಾರಣ ಟೈಮ್‌ಝೋನ್
ನಮಸ್ಕಾರ. ಸಕಲೇಶಪುರದ ಕಣದಲ್ಲಿ ಕಾಫಿ ಒಣಗಿಸುವವರಿಗೆ ಮಳೆ ಮುನ್ಸೂಚನೆಯ ಪುಟ ಮಾಡುತ್ತಿದ್ದೀರಿ, ಓಪನ್-ಮೀಟಿಯೊ ಎಪಿಐ (ಹವಾಮಾನದ ಮಾಹಿತಿಯನ್ನು ನೇರ ಪ್ರೋಗ್ರಾಮಿಗೆ ಕೊಡುವ ಸೇವೆ) ಕೊಡುವ ಗಂಟೆ ಯಾಕೆ ಹೊಂದುತ್ತಿಲ್ಲ ಅಂತ ಕೇಳಿದ್ದೀರಿ ಅಲ್ವಾ? ಟೈಮ್‌ಝೋನ್ ಹೇಳದಿದ್ದರೆ ಅದು ಜಿಎಂಟಿಯಲ್ಲೇ (ಗ್ರೀನಿಚ್ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಉತ್ತರ ಕೊಡುತ್ತದೆ. 08:00 ಅಂತ ಬಂದದ್ದು ನಮ್ಮ ಮಧ್ಯಾಹ್ನ 1:30. ಹರವಿದ ಕಾಫಿಗೆ ಟಾರ್ಪಾಲು ಮುಚ್ಚುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಎಪಿಐ ಕರೆಯುವ ವೆಬ್ ವಿಳಾಸದಲ್ಲಿ ಅಕ್ಷಾಂಶ, ರೇಖಾಂಶದ ಜೊತೆ ಟೈಮ್‌ಝೋನ್ ಆಟೋ (timezone=auto) ಅಂತಲೂ ಸೇರಿಸಿ. ಸುಮ್ನೆ ಕೋಡಿನಲ್ಲಿ ಐದೂವರೆ ಗಂಟೆ ಕೂಡಿಸಬೇಡಿ. ಮುಂದೆ ದಿನದ ಒಟ್ಟು ಮಳೆ ಕೇಳಿದಾಗ, ಜಿಎಂಟಿ ಲೆಕ್ಕದ ದಿನವೇ ನಮ್ಮ ಬೆಳಿಗ್ಗೆ 5:30ಕ್ಕೆ ಶುರುವಾಗಿರುತ್ತದೆ, ಆಗ ತಲೆನೋವು ಜಾಸ್ತಿ.

ಮೊದಲು ಬ್ರೌಸರಿನಲ್ಲೇ ಆ ವಿಳಾಸ ತೆರೆದು ನೋಡಿ, ಎಪಿಐ ಕೀ (ಬಳಸುವವರ ಗುರುತಿನ ಸಂಕೇತ) ಬೇಕಾಗಿಲ್ಲ. ಜೆಸನ್ (ಮಾಹಿತಿ ಬರೆಯುವ ಒಂದು ರೂಪ) ಉತ್ತರದಲ್ಲಿ ಯುಟಿಸಿ ಆಫ್‌ಸೆಟ್ (ಜಿಎಂಟಿಯಿಂದ ಇರುವ ವ್ಯತ್ಯಾಸ) 0 ಇದ್ದದ್ದು 19800 ಸೆಕೆಂಡ್, ಅಂದರೆ ಐದೂವರೆ ಗಂಟೆ, ಆಗಿದ್ದರೆ ಸರಿಹೋಯಿತು.