ಹಿಂದಿನ ದವಡೆ ಹಲ್ಲು ಕೀಳಿಸಿ ಎಂಟು ತಿಂಗಳಾಯಿತು. ನೋವಿಲ್ಲ, ಹೊರಗೆ ಕಾಣಿಸುವುದೂ ಇಲ್ಲ. ಹೊಸ ಹಲ್ಲು ಕಟ್ಟಿಸಲೇಬೇಕಾ?

ನೋವಿಲ್ಲ, ಕಾಣಿಸುವುದಿಲ್ಲ. ಈ ಎರಡೇ ಮಾತು ಹೇಳಿಕೊಂಡು ನಾನು ಆರು ವರ್ಷ ತಳ್ಳಿದೆ.

ನಂದು ಕೆಳಗಿನ ಸಾಲಿನ ಮೊದಲ ದವಡೆ ಹಲ್ಲು. ಹುಳುಕು ಬೇರಿನ ತನಕ ಇಳಿದಿತ್ತು, ಕಿತ್ತರು. ಗಾಯ ಮಾಯ್ದ ಮೇಲೆ ಬನ್ನಿ, ಹಲ್ಲು ಕಟ್ಟೋಣ ಅಂದಿದ್ದರು ಡಾಕ್ಟರು. ಗಾಯ ಮಾಯಿತು, ನಾನು ಹೋಗಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಹಲ್ಲು ಅಂದರೆ ಗೋಡೆಗೆ ಹೊಡೆದ ಮೊಳೆ, ಒಂದನ್ನು ಕಿತ್ತರೆ ಮಿಕ್ಕವು ಇದ್ದಲ್ಲೇ ಇರುತ್ತವೆ ಅಂದುಕೊಂಡಿದ್ದೆ. ಆದರೆ ಹಲ್ಲು ಮೂಳೆಗೆ ನೇರವಾಗಿ ಅಂಟಿರುವುದಿಲ್ಲ. ಕೂದಲಿನಂಥ ನಾರುಗಳು ಅದನ್ನು ಗುಳಿಯಲ್ಲಿ ಹಿಡಿದಿರುತ್ತವೆ. ಕ್ಲಿಪ್ ಹಾಕಿ ಹಲ್ಲು ಸರಿಸಲು ಆಗುವುದು ಅದಕ್ಕೇ ಅಲ್ವಾ? ಪಕ್ಕದ ಹಲ್ಲು, ಎದುರಿನ ಹಲ್ಲು ಒತ್ತಿಕೊಂಡಿರುವ ತನಕ ಅದು ತನ್ನ ಜಾಗದಲ್ಲಿರುತ್ತದೆ. ನಡುವೆ ಒಂದು ಹೋದರೆ ಮಿಕ್ಕವು ಹೊರಡುತ್ತವೆ, ನಾಲಿಗೆಗೂ ಗೊತ್ತಾಗದಷ್ಟು ನಿಧಾನಕ್ಕೆ. ಆರು ವರ್ಷದಲ್ಲಿ ನನ್ನ ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲಿತ್ತು. ಮೇಲಿನದು ತಡೆಯುವವರಿಲ್ಲದೆ ಕೆಳಗಿಳಿದಿತ್ತು. ವಾಲಿದ ಹಲ್ಲಿನ ಬುಡದಲ್ಲಿ ಬ್ರಷ್ ಹೋಗದ ಸಂದು, ತಿಂದಿದ್ದೆಲ್ಲ ಅಲ್ಲೇ. ವಸಡು ಊದಿ ರಕ್ತ ಬರತೊಡಗಿತು. ಆಗ ಈ ಮಹಾಶಯ ಮಾಡಿದ್ದೇನು? ಟೂತ್‌ಪೇಸ್ಟ್ ಬದಲಾಯಿಸಿದ.

ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಇನ್ನೊಂದು ಸುದ್ದಿ. ಹಲ್ಲಿದ್ದ ಜಾಗದ ಮೂಳೆ ಸವೆದು ತೆಳ್ಳಗಾಗಿತ್ತು. ಬೇರಿಲ್ಲದ ಮೂಳೆಗೆ ಕೆಲಸವಿಲ್ಲ, ದೇಹ ಅದನ್ನು ಕರಗಿಸುತ್ತಾ ಹೋಗುತ್ತದೆ, ಅದೂ ಮೊದಲ ವರ್ಷದಲ್ಲೇ ಜಾಸ್ತಿ. ಒಂದು ಹಲ್ಲು ಕಟ್ಟಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ವಾಲಿದ ಹಲ್ಲನ್ನು ಕ್ಲಿಪ್ ಹಾಕಿ ನೆಟ್ಟಗೆ ಮಾಡಿಸಿದೆ, ಇಳಿದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ, ಅದನ್ನು ಉಜ್ಜಿ ಗಿಡ್ಡ ಮಾಡಿಸಿ ಕ್ಯಾಪ್ ಹಾಕಿಸಿದೆ. ಮೂಳೆ ತುಂಬಿಸಿಕೊಂಡು ತಿಂಗಳುಗಟ್ಟಲೆ ಕಾದೆ. ಆಮೇಲೆ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಅದರ ಟೈಟಾನಿಯಂ ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳಲಿ ಅಂತ ಮತ್ತೆ ನಾಲ್ಕು ತಿಂಗಳು.

ಹಾಗಾಗಿ ಕಾಣಿಸುತ್ತದಾ ಇಲ್ವಾ ಅನ್ನುವ ಲೆಕ್ಕವೇ ತಪ್ಪು ಅಂತ ನನ್ನ ವಾದ. ಅಗಿಯುವ ಕೆಲಸವೆಲ್ಲ ಕಾಣಿಸದ ಹಲ್ಲುಗಳದ್ದೇ. ಇಂಪ್ಲಾಂಟೋ, ಬ್ರಿಡ್ಜೋ, ತೆಗೆದು ಹಾಕುವ ಹಲ್ಲೋ ಅನ್ನುವುದು ಆಮೇಲಿನ ಮಾತು. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ, ನಡುವಿನ ಹೊಸ ಹಲ್ಲನ್ನು ಅವಕ್ಕೆ ಜೋಡಿಸುವುದು. ಅದಕ್ಕಾಗಿ ಆ ಗಟ್ಟಿ ಹಲ್ಲುಗಳನ್ನು ಉಜ್ಜುತ್ತಾರೆ, ಅದಕ್ಕೇ ನಾನು ಒಪ್ಪಲಿಲ್ಲ. ಅವಕ್ಕೆ ಮೊದಲೇ ಕ್ಯಾಪ್ ಇದ್ದಿದ್ದರೆ ಅದನ್ನೇ ಮಾಡಿಸುತ್ತಿದ್ದೆನೇನೋ. ಸಕ್ಕರೆ ಕಾಯಿಲೆ ಅಥವಾ ಸಿಗರೇಟು ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಇಂಪ್ಲಾಂಟ್ ನಿಲ್ಲುವುದು ಬಿಡುವುದು ಅದರ ಮೇಲೂ ಇದೆ.

ಅಂದ ಹಾಗೆ, ಕೀಳಿಸಿದ್ದು ಕಟ್ಟಕಡೆಯ ಬುದ್ಧಿ ಹಲ್ಲಾದರೆ ಇಷ್ಟೂ ಮರೆತುಬಿಡಿ, ಅದರ ಜಾಗಕ್ಕೆ ಸಾಮಾನ್ಯವಾಗಿ ಯಾರೂ ಹಲ್ಲು ಕಟ್ಟುವುದಿಲ್ಲ.

ಎಲ್ಲರ ಹಲ್ಲೂ ನನ್ನದರಷ್ಟು ವಾಲುತ್ತದೆ ಅಂತಲ್ಲ. ಕೆಲವರದು ವರ್ಷಗಟ್ಟಲೆ ಅಲುಗದೆ ಇರುತ್ತದಂತೆ. ನಿಮ್ಮದು ಯಾವ ಜಾತಿ ಅಂತ ಸುಮ್ನೆ ಊಹಿಸುತ್ತಾ ಕೂರಬೇಡಿ, ಒಂದು ಎಕ್ಸ್‌ರೇ ತೆಗೆಸಿ. ಎಂಟೇ ತಿಂಗಳು ಅಂದರೆ ನಿಮಗಿನ್ನೂ ಒಂದೇ ಹಲ್ಲಿನ ಕೆಲಸದಲ್ಲಿ ಮುಗಿಯಬಹುದು.