ಜೊಲೋಕಿಯಾ ಹೂವ ಯಾಕ ಉದರತಾವ?
ಅಣ್ಣಾರ, ಮಾಳಿಗಿ ಮ್ಯಾಲಿನ ಕುಂಡದಾಗ ಭೂತ್ ಜೊಲೋಕಿಯಾ ಅನ್ನೂ ಭಾಳ ಖಾರದ ಮೆಣಸಿನ ಗಿಡದ ಹೂವೆಲ್ಲಾ ಉದರತಾವ, ಕಾಯಿ ಕಟ್ಟವಲ್ದು ಅಂದೀರಿ. ರೋಗಕ್ಕಿಂತ ನಮ್ಮ ವಿಜಯಪುರದ ಬ್ಯಾಸಗಿ ಝಳದ ಮ್ಯಾಲೇ ನನಗ ಅನುಮಾನ. ಬಿಸಿಲು 35 ಡಿಗ್ರಿ ದಾಟಿತಂದ್ರ ಮೆಣಸಿನ ಹೂವ ನಿಲ್ಲೂದು ಕಷ್ಟರಿ. ಮಧ್ಯಾಹ್ನ ನೆರಳಿನ ಬಲೆ ಕಟ್ರಿ, ಯೂರಿಯಾ ನಿಲ್ಲಸ್ರಿ. ಮಳಿ ಬಿದ್ದು ತಂಪಾದ ಮ್ಯಾಲೆ ಕಾಯಿ ಹಿಡಿತೈತಿ.

ರುಚಿ ನೋಡುವಾಗ ಮಾತ್ರ ಹುಷಾರ್ರಿ! ಖಾರ ಅಳಿಯೂ ಸ್ಕೋವಿಲ್ ಅಳತ್ಯಾಗ 10 ಲಕ್ಷ ದಾಟಿದ ಕಾಯಿ ಅದು. ಖಾರದ ಮೂಲ ಬೀಜ ಅಲ್ಲ, ಬೀಜ ಅಂಟಿಕೊಂಡಿರೂ ಬಿಳಿ ತಿರುಳು. ನಾ ಸಾಸಿವಿ ಕಾಳಿನಷ್ಟು ಚೂರು ರಂಜಕದಾಗ (ಕೆಂಪು ಮೆಣಸಿನಕಾಯಿ ಚಟ್ನ್ಯಾಗ) ಅರದಿದ್ದೆ. ಮೊದಲು ಹಣ್ಣಿನ ಘಮ ಬಂತು, ಹತ್ತು ಎಣಸೂದರಾಗ ಕಿವಿ ಬಿಸಿ ಆದುವು. ನೀರು ಕುಡದ್ರ ಉರಿ ಇಳಿಯೂದಿಲ್ಲ, ಗಟ್ಟಿ ಮೊಸರು ತಿನ್ರಿ. ದಿನದ ರೊಟ್ಟಿಗೆ ಬ್ಯಾಡಗಿನೂ ಎರಡು ಕುಂಡ ಹಚ್ರಿ.